ತಣ್ಣನೆಯ ಕಡಲಲ್ಲಿ ಫೋಟೊ: ಮ್ಯಾಕ್ರೊ ಲೆನ್ಸಾ, ವೈಡ್ ಲೆನ್ಸಾ?

ತಣ್ಣನೆಯ ಕಡಲ ನೀರು ಹೆಚ್ಚಾಗಿ ಹಸಿರು, ಮಸುಕು. ಮೂರು ಮೀಟರ್ ಆಚೆ ಏನೂ ಕಾಣದ ದಿನಗಳೂ ಇರುತ್ತವೆ. ನೀರೊಳಗೆ ಮುಳುಗಿ ಫೋಟೊ ತೆಗೆಯಲು ಒಂದೇ ಲೆನ್ಸ್ ಕೊಳ್ಳುವುದಾದರೆ ನನ್ನ ಓಟು ಮ್ಯಾಕ್ರೊಗೆ, ಅಂದರೆ ಪುಟ್ಟದ್ದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಲೆನ್ಸ್‌ಗೆ.

ಮ್ಯಾಕ್ರೊದಲ್ಲಿ ಜೀವಿಯ ತೀರಾ ಹತ್ತಿರ ಹೋಗುತ್ತೀರಿ. ನಡುವೆ ನೀರು ಕಡಿಮೆ, ಹಾಗಾಗಿ ಅದರಲ್ಲಿ ತೇಲುವ ಕಸವೂ ಕಡಿಮೆ. ಉದಾಹರಣೆಗೆ, ನ್ಯೂಡಿಬ್ರ್ಯಾಂಕ್. ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. ಅದರ ತಲೆ ಮೇಲೆ ಎರಡು ಪುಟ್ಟ ಕೊಂಬು, ವಾಸನೆ ಹಿಡಿಯುವುದೇ ಅವುಗಳಿಂದ. ಫೋಕಸ್ ಆ ಕೊಂಬಿನ ಮೇಲೇ ಕೂರಬೇಕು. ಪಾಪ, ಅದು ಓಡಿಹೋಗುವುದಿಲ್ಲ. ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಬಟನ್ ಹುಡುಕುವಷ್ಟು ಸಮಯ ಸಿಗುತ್ತದೆ. 100 ಎಂಎಂ ಮ್ಯಾಕ್ರೊ ಲೆನ್ಸ್‌ಗೆ ಸ್ವಲ್ಪ ದೂರ ನಿಲ್ಲಬೇಕು. ನೀರು ತೀರಾ ಮಸುಕಾಗಿದ್ದರೆ ಇನ್ನೂ ಹತ್ತಿರ ಹೋಗಬಹುದಾದ 60 ಎಂಎಂ ವಾಸಿ.

ವಿಶಾಲ ನೋಟ ಹಿಡಿಯುವ ವೈಡ್ ಲೆನ್ಸ್‌ನ ಮಜಾನೇ ಬೇರೆ, ಒಪ್ಪುತ್ತೇನೆ. ಕೆಲ್ಪ್ ಪಾಚಿಯ ಕಾಡು, ಅದರೊಳಗಿಂದ ಇಣುಕುವ ಸೀಲ್ ಪ್ರಾಣಿ. ಮ್ಯಾಕ್ರೊದಲ್ಲಿ ಇದೆಲ್ಲ ಸಾಧ್ಯವೇ ಇಲ್ಲ. ಆದರೆ ಫ್ಲ್ಯಾಶ್ ಲೆನ್ಸ್ ಪಕ್ಕದಲ್ಲೇ ಇದ್ದರೆ ನೀರಲ್ಲಿ ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬಾ ಹಿಮ ಸುರಿದಂತೆ ಕಾಣುತ್ತದೆ. ಎರಡು ಫ್ಲ್ಯಾಶ್, ಅವನ್ನು ಲೆನ್ಸ್‌ನಿಂದ ದೂರ ಹಿಡಿಯುವ ಉದ್ದನೆಯ ತೋಳು, ಡೋಮ್ ಪೋರ್ಟ್ (ಲೆನ್ಸ್ ಮುಂದೆ ಕೂರುವ ಗುಮ್ಮಟದಂಥ ಪಾರದರ್ಶಕ ಮುಚ್ಚಳ) ಬೇಕು. ಖರ್ಚೂ ಜಾಸ್ತಿ, ಭಾರವೂ ಜಾಸ್ತಿ.

ನೀರು ತಿಳಿಯಾಗಿರುವ ಜಾಗ ಹತ್ತಿರದಲ್ಲೇ ಇದ್ದರೆ ಮಾತ್ರ ಮೊದಲು ವೈಡ್ ತೆಗೆದುಕೊಳ್ಳಿ. ಯಾವುದೇ ಆದರೂ ಬ್ಯಾಟರಿ ಫುಲ್ ಚಾರ್ಜ್ ಆಗಿರಲಿ, ಚಳಿಗೆ ಬೇಗ ಇಳಿಯುತ್ತದೆ.