ಮೆಲನೋಸೈಟೋಮಾ: ಆಪರೇಷನ್ ಆದ ಮೇಲೆ ರೇಡಿಯೇಷನ್ನೋ, ಬರೀ ಸ್ಕ್ಯಾನೋ?

ಅಮ್ಮನ ಮಿದುಳಿನ ಪೊರೆಯ ಕಪ್ಪು ಗಡ್ಡೆ (ಮೆಲನೋಸೈಟೋಮಾ) ತೆಗೆದಾಯ್ತು, ಮುಂದೇನು ಅಂತ ಮಂಡ್ಯದಿಂದ ಕೇಳಿದ್ದೀರಿ.

ಮೊದಲು ಬಯಾಪ್ಸಿ ರಿಪೋರ್ಟ್ ನೋಡಿ. ಬರೀ ಎಂಆರ್‌ಐ ನಂಬಿದರೆ ಇದನ್ನು ಮೆನಿಂಜಿಯೋಮಾ, ಅಂದರೆ ಮಿದುಳಿನ ಪೊರೆಯ ಸಾಮಾನ್ಯ ಗಡ್ಡೆ, ಅಂದುಕೊಳ್ಳುವುದು ಸುಲಭ. ಬಯಾಪ್ಸಿ ಚೂರಿನ ಮೇಲೆ ಮಾಡುವ ಎಚ್‌ಎಂಬಿ-45 ಅನ್ನೋ ಪರೀಕ್ಷೆ ಪಾಸಿಟಿವ್ ಬಂದರೆ ಬಣ್ಣ ತಯಾರಿಸುವ ಜೀವಕೋಶಗಳ ಗಡ್ಡೆ ಅನ್ನಬಹುದು. ಆದರೆ ಮೆಲನೋಮಾದಲ್ಲೂ (ಅದೇ ಜೀವಕೋಶಗಳ ಕ್ಯಾನ್ಸರ್, ಹೆಚ್ಚಾಗಿ ಚರ್ಮ ಇಲ್ಲವೇ ಕಣ್ಣಿನಲ್ಲಿ ಹುಟ್ಟುವುದು) ಅದು ಪಾಸಿಟಿವ್ ಬರುತ್ತದೆ! ಹಾಗಾಗಿ ಚರ್ಮ, ಕಣ್ಣು ಎರಡನ್ನೂ ತೋರಿಸಿ. ಮೆಲನೋಮಾ ಆಗಿದ್ದರೆ ದಾರಿಯೇ ಬೇರೆ.

ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ತೆಗೆದಿದ್ದರೆ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ಖರ್ಚು, ಸುಸ್ತು ಕಡಿಮೆ. ಆದರೆ ವರ್ಷಗಳಾದ ಮೇಲೂ ಮತ್ತೆ ಬರಬಹುದು, ಸ್ಕ್ಯಾನ್ ತಪ್ಪಿಸುವಂತಿಲ್ಲ.

ಚೂರು ಉಳಿದಿದ್ದರೆ ನನ್ನ ಒಲವು ರೇಡಿಯೇಷನ್ ಕಡೆಗೆ. ವಾರಗಟ್ಟಲೆ ಓಡಾಟ ಇರಬಹುದು. ಮೈಸೂರಿಗಾದರೆ ದಿನಾ ಹೋಗಿಬರಬಹುದು, ಬೆಂಗಳೂರಾದರೆ ರೂಮ್ ಮಾಡೋದೇ ಮೇಲು. ರಿಪೋರ್ಟ್‌ನಲ್ಲೇ ಗೊಂದಲವಿದ್ದರೆ ಬಯಾಪ್ಸಿ ಸ್ಲೈಡುಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇನ್ನೊಮ್ಮೆ ತೋರಿಸಿ.