ಹೆಲ್ಮೆಟ್ ಒಳಗೆ ಹಿಡಿಯುವ ತುರುಬು ಯಾವುದು?

ಸೋಮವಾರ ಬೆಳಗ್ಗೆ ಏಳೂಕಾಲು. ಧಾರವಾಡದ ಮನೆ ಮುಂದೆ ಸ್ಕೂಟಿ ಮೇಲೆ ಕೂತು ಹೆಲ್ಮೆಟ್ ಹಾಕಿಕೊಳ್ಳಲು ಒದ್ದಾಡುತ್ತಿದ್ದೆ. ಅದು ಇಳಿಯಲೇ ಇಲ್ಲ. ನೆತ್ತಿ ಮೇಲಿನ ತುರುಬಿಗೆ ಬುಟ್ಟಿ ಕವುಚಿದ ಹಾಗೆ ಮೇಲೆಯೇ ನಿಂತಿತು. ಪಕ್ಕದ ಮನೆ ಅಜ್ಜಿ ಕಟ್ಟೆ ಮೇಲೆ ಕೂತು ಎಲ್ಲ ನೋಡುತ್ತಿದ್ದರು. "ಯವ್ವಾ, ತಲಿ ಮನ್ಯಾಗ ಇಟ್ಟು ಹೆಲ್ಮೆಟ್ ಅಷ್ಟ ಹಾಕ್ಕೊಂಡು ಹೋಗು" ಅಂದರು.

ಆವತ್ತು ಆಟೊ ಹಿಡಿದೆ. ನನ್ನ ಪ್ರಯೋಗದ ಮೊದಲ ದಿನವೇ ಹೀಗೆ.

ಪ್ರಯೋಗ ಅಂದರೆ ದೊಡ್ಡದೇನಲ್ಲ. ಏಪ್ರಿಲ್ ಮೊದಲ ವಾರದಿಂದ ಜೂನ್ ಕೊನೆವರೆಗೆ ನಾಲ್ಕು ಥರದ ತುರುಬು, ಒಂದೊಂದಕ್ಕೆ ಮೂರು ಮೂರು ವಾರ. ಬಿಸಿಲೂ ಸಿಕ್ಕಿತು, ಮಳೆಯೂ ಸಿಕ್ಕಿತು. ಮನೆಯಿಂದ ಜುಬಿಲಿ ಸರ್ಕಲ್‌ವರೆಗೆ ಸ್ಕೂಟಿ, ಅಲ್ಲಿಂದ ಚಿಗರಿ ಬಸ್ಸು, ಹುಬ್ಬಳ್ಳಿ ವಿದ್ಯಾನಗರದಲ್ಲಿ ಇಳಿದರೆ ನಾನು ಕೆಲಸ ಮಾಡುವ ಲ್ಯಾಬ್. ಅಲ್ಲಿ ದಿನವಿಡೀ ತಲೆಗೆ ಟೋಪಿ. ಅಂದರೆ ನನ್ನ ತುರುಬು ಹೆಲ್ಮೆಟ್‌ಗೂ ಬಗ್ಗಬೇಕು, ಟೋಪಿಗೂ ಬಗ್ಗಬೇಕು, ರಾತ್ರಿ ದಿಂಬಿಗೂ ಒಗ್ಗಬೇಕು.

ಮೊದಲು ಕೂದಲಿನ ವಿಷಯ ಹೇಳಿಬಿಡುತ್ತೇನೆ. ನಾನು ಸಿದ್ದಿ. ಕಲಘಟಗಿ ತಾಲೂಕಿನ ಕಾಡಂಚಿನ ಊರು ನಮ್ಮದು. ನಮ್ಮ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ನಾಲಿಗೆ ಪೂರ್ತಿ ಇಲ್ಲಿಯದಾಯಿತು, ಕೂದಲು ಮಾತ್ರ ಇನ್ನೂ ಅಲ್ಲಿಯದೇ.

ಗುಂಗುರು ಕೂದಲು ಅಂದರೆ ಇಲ್ಲಿ ಜನ ಅಲೆ ಅಲೆಯಾದ ಕೂದಲು ಅಂದುಕೊಳ್ಳುತ್ತಾರೆ. ನನ್ನದು ಬಾಲ್ ಪೆನ್ನಿನ ಸ್ಪ್ರಿಂಗ್‌ಗಿಂತ ಸಣ್ಣ ಸುರುಳಿ. ಒದ್ದೆ ಇದ್ದಾಗ ಎಳೆದರೆ ಭುಜ ದಾಟುತ್ತದೆ. ಒಣಗಿದರೆ ಕಿವಿ ಹತ್ತಿರ ಬಂದು ಕೂರುತ್ತದೆ. ಬುಡದಲ್ಲಿ ಹುಟ್ಟುವ ಜಿಡ್ಡು ಇಷ್ಟು ಸುತ್ತು ಇಳಿದು ತುದಿ ಮುಟ್ಟುವುದೇ ಇಲ್ಲ. ಹಾಗಾಗಿ ತುದಿ ಯಾವಾಗಲೂ ಒಣ ಒಣ. ಪ್ರತಿ ತಿರುವಿನಲ್ಲೂ ಎಳೆ ಸ್ವಲ್ಪ ಸೋತಿರುತ್ತದೆ, ಅಲ್ಲೇ ಮುರಿಯುತ್ತದೆ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂ.ಮೀ. ಬೆಳೆಯುತ್ತದೆ. 30 ಸೆಂ.ಮೀ. ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು ಅಂತಾಯಿತು. ಎರಡೂವರೆ ವರ್ಷ ಬಿಸಿಲು, ದೂಳು, ದುಪಟ್ಟಾ ತಿಕ್ಕಾಟ ಎಲ್ಲ ಕಂಡ ತುದಿ. ಅದನ್ನು ಒಳಗೆ ಬಚ್ಚಿಡುವುದಕ್ಕೇ ಈ ತುರುಬು, ಚಂದಕ್ಕೆ ಆಮೇಲೆ.

ನೆತ್ತಿ ತುರುಬು ಚಂದದಲ್ಲಿ ಮಾತ್ರ ಎಲ್ಲವನ್ನೂ ಸೋಲಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಹತ್ತೇ ನಿಮಿಷದ ಕೆಲಸ. ಕೂದಲನ್ನು ಮೇಲೆ ಸೇರಿಸಿ ಬಟ್ಟೆಯ ರಬ್ಬರ್ ಹಾಕಿ, ತುದಿ ಒಳಗೆ ಮಡಚಿದರೆ ಮುಗಿಯಿತು. ನನ್ನ ಕೂದಲು ತಾನೇ ಉಬ್ಬಿಕೊಂಡು ದುಂಡಗೆ ನಿಲ್ಲುತ್ತದೆ, ಚೌರಿ ಏನೂ ಬೇಡ. ಮಲ್ಲಿಗೆ ಮಾಲೆ ಸುತ್ತಿದರೆ ಕೇಳುವುದೇ ಬೇಡ. ಕತ್ತೂ ಉದ್ದ ಕಾಣುತ್ತದೆ.

ಆದರೆ ಈ ತುರುಬಿನ ಹಳೆ ಲೆಕ್ಕ ಒಂದು ನನ್ನ ಹಣೆಯ ಮೇಲಿದೆ. ಕೆಲವು ವರ್ಷದ ಹಿಂದೆ ಗೆಳತಿಯ ಮದುವೆಗೆ ಅಂತ ಒಂದು ಪಾರ್ಲರ್‌ಗೆ ಹೋಗಿದ್ದೆ. ಅವರು ಒಣ ಕೂದಲಿಗೇ ಸಣ್ಣ ಹಲ್ಲಿನ ಹಣಿಗೆ ಹಾಕಿದರು. ಹಣಿಗೆಯ ಎರಡು ಹಲ್ಲು ಮುರಿದವು. ಆಮೇಲೆ ಸಿಟ್ಟಿನಿಂದಲೋ ಏನೋ, ಹುಬ್ಬು ಮೇಲೇರುವಷ್ಟು ಬಿಗಿದು ಕಟ್ಟಿದರು. "ಈಗ ನೀಟ್ ಆತು ನೋಡ್ರಿ" ಅಂದರು. ಊಟದ ಹೊತ್ತಿಗೆ ತಲೆನೋವು. ಮರುದಿನ ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆ. ನಾನೂ ದಡ್ಡಿ, ಎಲ್ಲರೂ ಹೊಗಳಿದರು ಅಂತ ಮೂರು ತಿಂಗಳು ಮನೆಯಲ್ಲೂ ಹಾಗೇ ಬಿಗಿದೆ. ಎರಡೂ ಕಿವಿಯ ಮುಂದಿನ ಕೂದಲು ಬೆರಳಗಲ ಹಿಂದೆ ಸರಿಯಿತು. ಚರ್ಮದ ಡಾಕ್ಟರ್ ಇದಕ್ಕೆ ಟ್ರಾಕ್ಷನ್ ಅಲೋಪೀಷಿಯಾ ಅಂದರು, ಎಳೆತಕ್ಕೆ ಉದುರುವುದು. ಬೇಗ ಬಿಟ್ಟರೆ ವಾಪಸ್ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತು ಆ ಜಾಗ ಬೋಳಾಗಿ ಉಳಿಯುತ್ತದೆ. ನನ್ನದು ಬಂತು, ಎಡಗಡೆ ಮಾತ್ರ ಇನ್ನೂ ಸ್ವಲ್ಪ ತೆಳು.

ಹಾಗಾಗಿ ಈ ಸಲ ಸಡಿಲ ಕಟ್ಟಿದೆ. ಹುಬ್ಬು ಎತ್ತಿ ನೋಡುವುದು, ಹಣೆ ಎಳೆದ ಹಾಗಾದರೆ ಬಿಚ್ಚಿ ಮತ್ತೆ ಕಟ್ಟುವುದು. ಸಡಿಲ ಕಟ್ಟಿದರೆ ಬಸ್ಸಿನಲ್ಲೇ ಓರೆಯಾಗುತ್ತದೆ. ಬಿಗಿ ಕಟ್ಟಿದರೆ ಹಣೆ ಹೋಗುತ್ತದೆ. ಹೆಲ್ಮೆಟ್ ಕಥೆ ಆಗಲೇ ಹೇಳಿದೆ. ಮೂರು ವಾರ ಆಟೊಗೆ ಕೊಟ್ಟ ದುಡ್ಡಲ್ಲಿ ಒಂದು ಇಳಕಲ್ ಸೀರೆಯ ಮುಂಗಡ ಕೊಡಬಹುದಿತ್ತು.

ಮೇ ತಿಂಗಳ ಸೆಖೆಗೆ ಸಣ್ಣ ಜಡೆಗಳ ತುರುಬು. ನೆತ್ತಿಗೆ ಅಂಟಿದ ಹಾಗೆ ಸಾಲು ಸಾಲು ಸಣ್ಣ ಜಡೆ ಹೆಣೆದು, ಹಿಂದೆ ಎಲ್ಲ ಸೇರಿಸಿ ಒಂದು ಗಂಟು. ಒಂಟಿಯಾಗಿ ಆಗದ ಕೆಲಸ. ಊರಿಂದ ತಂಗಿ ಬಂದಳು. ಭಾನುವಾರ ನಾಲ್ಕು ತಾಸು ಅವಳ ಮೊಣಕಾಲ ನಡುವೆ ಕೂತಿದ್ದೆ. ಮಾತು, ಚಹಾ, ಮಂಡಕ್ಕಿ, ಮತ್ತೆ ಮಾತು. ನಿಜ ಹೇಳಬೇಕೆಂದರೆ ಆ ನಾಲ್ಕು ತಾಸಿಗೇ ಈ ತುರುಬಿಗೆ ಅರ್ಧ ಅಂಕ ಕೊಟ್ಟುಬಿಡಬಹುದು.

ಆಮೇಲೆ ಮೂರು ವಾರ ಬೆಳಗ್ಗೆ ಕೂದಲ ಚಿಂತೆಯೇ ಇಲ್ಲ. ಎದ್ದೆ, ಸ್ಪ್ರೇ ಬಾಟಲಿಯಿಂದ ನಾಲ್ಕು ಸಲ ನೀರು ಹೊಡೆದೆ, ಹೊರಟೆ. ಸಾಲುಗಳ ನಡುವೆ ಗಾಳಿಯಾಡುತ್ತದೆ, ತಲೆ ತಂಪು. ಶಾಂಪೂವನ್ನು ನೀರಲ್ಲಿ ಕದಡಿ ಸಾಲುಗಳ ನಡುವೆ ಬಿಟ್ಟು ಬೆರಳ ತುದಿಯಿಂದ ತಿಕ್ಕಿದರೆ ಸಾಕು. ಬೋರ್‌ವೆಲ್ ಗಡಸು ನೀರಲ್ಲಿ ತೊಳೆದರೆ ಕೂದಲು ತೆಂಗಿನ ನಾರಾಗುತ್ತದೆ, ಅದಕ್ಕೆ ಕೊನೆ ತಂಬಿಗೆ ಮಾತ್ರ ಮಲಪ್ರಭಾ ನಲ್ಲಿ ನೀರು.

ಕಷ್ಟ ಬಿಚ್ಚುವ ದಿನ. ಕೈತುಂಬ ಕೂದಲು ಬಂತು, ಗುಬ್ಬಿಗೂಡಿನಷ್ಟು. ಎದೆ ಧಸಕ್ಕೆಂದಿತು. ಆಮೇಲೆ ಲೆಕ್ಕ ಹಾಕಿದೆ. ಯಾರಿಗೇ ಆದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಜಡೆಯೊಳಗೆ ಸಿಕ್ಕಿಕೊಂಡದ್ದು ಕೆಳಗೆ ಬೀಳುವುದಿಲ್ಲ. 21 ದಿನಕ್ಕೆ ಸಾವಿರದಿಂದ ಎರಡು ಸಾವಿರ ಒಟ್ಟಿಗೇ ಕೈಗೆ ಬರುತ್ತದೆ, ಅಷ್ಟೇ. ಅದೇ ಹೊತ್ತಿಗೆ ಓಣಿಯಲ್ಲಿ ಕೂದಲು ಕೊಳ್ಳುವವ ಕೂಗುತ್ತ ಬಂದ. ಕೊಪ್ಪಳದ ಭಾಗ್ಯನಗರದ ಕೂದಲ ವ್ಯಾಪಾರ ಗೊತ್ತಲ್ಲ, ಬಾಚಿ ಉಳಿದ ಕೂದಲಿಗೂ ಬೆಲೆ ಇದೆ. ಸುಮ್ನೆ ತಮಾಷೆಗೆ ನನ್ನ ಉಂಡೆ ತೋರಿಸಿದೆ. ಅವನು ಒಂದೆಳೆ ಎಳೆದ, ಬಿಟ್ಟ, ಅದು ಸುರುಳಿಯಾಗಿ ವಾಪಸ್ ಹೋಯಿತು. ಮತ್ತೆ ಎಳೆದ. "ಇದು ನಡಿಯಂಗಿಲ್ರಿ ಅಕ್ಕಾರ" ಅಂದ. ಆದರೂ ಇನ್ನೊಂದು ಸಲ ಎಳೆದು ನೋಡಿಯೇ ಕೊಟ್ಟ.

ತಂಗಿ ಪ್ರತಿ ತಿಂಗಳು ಬರಲಾರಳು. ಹಣೆಯಂಚಿನ ತೆಳು ಕೂದಲನ್ನೂ ಜಡೆಗೆ ಸೇರಿಸಿದರೆ ಅಲ್ಲೂ ಎಳೆತ ಇದೆ. ಹೆಲ್ಮೆಟ್? ಗಂಟನ್ನು ಕತ್ತಿನ ಹತ್ತಿರ ಇಳಿಸಿ ಕಟ್ಟಿದರೆ ಹಿಡಿಯುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ಬಾಂಟು ಗಂಟು. ಹೆಸರು ಕೇಳಿದವರೆಲ್ಲ ಮಂಗಳೂರು ಕಡೆ ಬಂಟರು ಹಾಕುತ್ತಿದ್ದರಾ ಅಂತ ಕೇಳಿದರು. ಅಲ್ಲ, ಇದು ಆಫ್ರಿಕಾದ ಬಾಂಟು ಭಾಷೆಗಳನ್ನಾಡುವ ಜನರ ಹೆಸರು. ತಲೆಯನ್ನು ಹನ್ನೆರಡು ಹದಿನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನೂ ಹುರಿ ಮಾಡಿ, ಅದರ ಬುಡಕ್ಕೇ ಚಕ್ಕುಲಿ ಹಾಗೆ ಸುತ್ತಿ ತುದಿ ಸಿಕ್ಕಿಸುವುದು. ರಬ್ಬರ್ ಬೇಡ, ಪಿನ್ನೂ ಬೇಡ. ಕೂದಲು ಕೂದಲನ್ನೇ ಹಿಡಿಯುತ್ತದೆ. ನೇರ ಕೂದಲಿನವರಿಗೆ ಇದು ಸುಲಭಕ್ಕೆ ದಕ್ಕದು ಅಂತ ಸ್ವಲ್ಪ ಜಂಬವೂ ಬಂತು.

ಜಂಬ ಎರಡೇ ದಿನ. ಲ್ಯಾಬ್‌ನಲ್ಲಿ ಹಿರಿಯರೊಬ್ಬರು "ತಲೀ ಮ್ಯಾಲ ಧಾರವಾಡ ಪೇಡೆ ಇಟ್ಟೀರೇನ್ರಿ" ಅಂದರು. ನನಗೂ ನಗು ಬಂತು, ಬಣ್ಣ ಆಕಾರ ಎರಡೂ ಹೋಲುತ್ತಿದ್ದವು. ನಗುವಿನ ವಿಷಯ ಬಿಡಿ, ಧಾರವಾಡದ ಜಿಟಿಜಿಟಿ ಮಳೆಗೆ ಇದು ಸೋತಿತು. ಒದ್ದೆ ಕೂದಲನ್ನು ಗಂಟು ಹಾಕಿದ್ದೆ. ಎರಡನೇ ದಿನ ಬಿಚ್ಚಿ ನೋಡಿದರೆ ಒಳಗೆ ಇನ್ನೂ ತೇವ, ಒದ್ದೆ ಬಟ್ಟೆ ಮುದ್ದೆಯ ವಾಸನೆ. ಹೆಲ್ಮೆಟ್ ಒತ್ತಿದರೆ ಒಂದೊಂದು ಗಂಟೂ ನೆತ್ತಿಗೆ ಚುಚ್ಚುತ್ತದೆ. ಮಲಗುವುದು ಹೇಗೆ ಅಂತ ಕೇಳಲೇಬೇಡಿ. ಶನಿವಾರ ಸಂಜೆ ಹಾಕಿ ಭಾನುವಾರ ಬಿಚ್ಚಿದರೆ ಮಾತ್ರ ಸುರುಳಿ ಬಹಳ ಚಂದ ಬೀಳುತ್ತದೆ. ಅದಕ್ಕಷ್ಟೇ ಇಟ್ಟುಕೊಂಡಿದ್ದೇನೆ.

ಕೊನೆಗೆ ಎರಡು ಹುರಿ, ಎರಡು ಗಂಟು. ಇದನ್ನು ಮೊದಲೇ ಯಾಕೆ ಮಾಡಲಿಲ್ಲವೋ.

ನಡುವೆ ಬೈತಲೆ. ಒಂದು ಕಡೆ ಎರಡು ಎಳೆ ಹಿಡಿದು ಒಂದರ ಮೇಲೊಂದು ಸುತ್ತುತ್ತ, ಪ್ರತಿ ಸುತ್ತಿಗೂ ಕೆಳಗಿನ ಕೂದಲು ಸ್ವಲ್ಪ ಸೇರಿಸಿಕೊಳ್ಳುತ್ತ ಕಿವಿ ಹಿಂದೆ ಬರಬೇಕು. ಆಮೇಲೆ ಉಳಿದದ್ದನ್ನೂ ಹುರಿ ಮಾಡಿ, ಕತ್ತಿನ ಮೇಲೆ ಸುತ್ತಿ, ತುದಿ ಒಳಗೆ ತೂರಿಸಿ ಎರಡು ಯು ಪಿನ್. ಮೊದಲ ವಾರ ನನ್ನ ಹುರಿ ಬಸ್ಸಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಆಗ ಅಪ್ಪ ದನಕ್ಕೆ ಹಗ್ಗ ಹೊಸೆಯುವುದು ನೆನಪಾಯಿತು. ಒಂದೊಂದು ಎಳೆಯನ್ನು ಬಲಕ್ಕೆ ತಿರುಚಬೇಕು, ಎರಡನ್ನೂ ಸೇರಿಸಿ ಎಡಕ್ಕೆ ಸುತ್ತಬೇಕು. ಎಳೆ ಬಿಚ್ಚಲು ಹೋದಷ್ಟೂ ಸುತ್ತು ಬಿಗಿಯಾಗುತ್ತದೆ. ಆಮೇಲೆ ಒಂದು ಸಲವೂ ಬಿಚ್ಚಲಿಲ್ಲ.

ಹಿಡಿತಕ್ಕೆ ಅಂಗಡಿ ಜೆಲ್ ಬದಲು ಅಗಸಿ ಬೀಜ. ಹಿಂಡಿ, ಅಂದರೆ ಚಟ್ನಿಪುಡಿ, ಮಾಡಲು ತಂದ ಅಗಸಿಯೇ. ಕಾಲು ಕಪ್ ಬೀಜ, ಎರಡು ಕಪ್ ನೀರು, ಸಣ್ಣ ಉರಿಯಲ್ಲಿ ಎಂಟ್ಹತ್ತು ನಿಮಿಷ ಕೈಯಾಡಿಸುತ್ತಿದ್ದರೆ ಮೊಟ್ಟೆಯ ಬಿಳಿ ಲೋಳೆಯ ಹಾಗಾಗುತ್ತದೆ. ಬಿಸಿ ಇದ್ದಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದರೆ ಮುಗಿಯಿತು, ಬಟ್ಟೆಯೇ ಜೆಲ್ ಆಗುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ತುದಿಗೆ ಎರಡು ಹನಿ ಔಡಲೆಣ್ಣೆ.

ಮೊದಲ ದಿನ ನಲವತ್ತು ನಿಮಿಷ ಹಿಡಿಯಿತು, ಈಗ ಹದಿನೈದು. ಸೋಮವಾರ ಹಾಕಿದರೆ ಶುಕ್ರವಾರದವರೆಗೆ ಚಿಂತೆ ಇಲ್ಲ. ನೆತ್ತಿ ಸಮತಟ್ಟು, ಹೆಲ್ಮೆಟ್ ಸಲೀಸಾಗಿ ಇಳಿಯುತ್ತದೆ, ಲ್ಯಾಬ್ ಟೋಪಿಯೂ ಹಿಡಿಯುತ್ತದೆ. ಹಣೆಯ ಎಡಗಡೆಯ ತೆಳು ಕೂದಲನ್ನು ಹುರಿಗೆ ಸೇರಿಸದೆ ಹಾಗೇ ಬಿಡುತ್ತೇನೆ. "ಅದೊಂದಿಷ್ಟು ಬಾಚ್ಕೋ" ಅನ್ನುವವರಿಗೆ ಕಿವಿಗೊಡುವುದಿಲ್ಲ. ಕೊರತೆ ಇಲ್ಲ ಅಂತಲ್ಲ. ಬೈತಲೆ ಒಂದೇ ಕಡೆ ಇಟ್ಟರೆ ಅಗಲವಾಗುತ್ತದೆ, ವಾರಕ್ಕೊಮ್ಮೆ ಸರಿಸಬೇಕು. ಕುರ್ತಾ ಕಾಲರ್ ಗಂಟಿಗೆ ತಿಕ್ಕುತ್ತದೆ. ಹೂ ಮುಡಿಯಲು ಸರಿಯಾದ ಜಾಗವಿಲ್ಲ. ಮದುವೆಗೆ ನೆತ್ತಿ ತುರುಬೇ, ಸಡಿಲಾಗಿ, ಆಟೊದಲ್ಲಿ.

ಯಾವ ತುರುಬಾದರೂ ರಾತ್ರಿ ಹತ್ತಿ ದಿಂಬಿಗೆ ತಿಕ್ಕಿದರೆ ಎಲ್ಲ ನೀರಲ್ಲಿ ಹೋಮ. ಹತ್ತಿ ಎಣ್ಣೆ ಕುಡಿಯುತ್ತದೆ, ಎಳೆಯನ್ನೂ ಹಿಡಿದೆಳೆಯುತ್ತದೆ. ನಮ್ಮ ಹುಬ್ಬಳ್ಳಿಯ ಬೆಂಗೇರಿ ಖಾದಿ ರಾಷ್ಟ್ರಧ್ವಜಕ್ಕೆ ಚಂದ, ನನ್ನ ತಲೆಗೆ ಬೇಡ. ದುರ್ಗದಬೈಲಿನಲ್ಲಿ ಸ್ಯಾಟಿನ್ ಟೋಪಿ ಹುಡುಕಿದೆ. ಸಿಕ್ಕಿದ್ದು ಮಕ್ಕಳ ಅಳತೆಯದು. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳು ಕೌದಿಗೆ ಅಂತ ಎತ್ತಿಟ್ಟ ಹಳೆ ರೇಷ್ಮೆ ಸೀರೆ ತುಂಡಲ್ಲಿ ಟೋಪಿ ಹೊಲಿದು ತಂಗಿ ಕೈಲಿ ಕಳಿಸಿದಳು. ಒಳಗೆ ರೇಷ್ಮೆ, ಹೊರಗೆ ಐದಾರು ಬಣ್ಣದ ತೇಪೆ. ನಮ್ಮವರು ಕೌದಿಯ ಮೂಲೆಗೆ ಬಟ್ಟೆ ಮಡಚಿ ಒಂದೊಂದು ಫೂಲ ಹೊಲಿಯುತ್ತಾರೆ, ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಟೋಪಿಗೆ ಮೂಲೆ ಎಲ್ಲಿದೆ? ಅವ್ವ ಅದನ್ನು ಎಡ ಹಣೆಯ ಮೇಲೆ ಬರುವ ಹಾಗೆ ಹೊಲಿದಿದ್ದಳು.