108ಆ, ಪ್ರೈವೇಟ್ ಆಂಬುಲೆನ್ಸಾ? ತುಮಕೂರು ಕಡೆಯವ್ರಿಗೆ
ಮನೇಲಿ ವಯಸ್ಸಾದವ್ರು ಇದ್ರೆ ಇದನ್ನ ಮೊದ್ಲೇ ಯೋಚ್ನೆ ಮಾಡಿಟ್ಕೊಳ್ಳಿ. ಹಿಂದೆಲ್ಲಾ ಆಂಬುಲೆನ್ಸ್ ಅಂದ್ರೆ ಮಲಗಿಸ್ಕೊಂಡು ಹೋಗೋ ವ್ಯಾನ್ ಅಷ್ಟೇ, 2008ರಲ್ಲಿ 108 ಬಂದ್ಮೇಲೆ ಒಳಗೆ ಡ್ರೈವರ್ ಜೊತೆ ಇಎಂಟಿ ಅಂತ ತುರ್ತು ಚಿಕಿತ್ಸೆ ಕಲಿತವ್ರು ಒಬ್ರು ಇರ್ತಾರೆ, ದಾರೀಲೇ ಬಿಪಿ ನೋಡಿ ಆಕ್ಸಿಜನ್ ಹಾಕ್ತಾರೆ, ಎಷ್ಟೋ ಹೆರಿಗೆ ಗಾಡೀಲೇ ಆಗಿವೆ. ದುಡ್ಡು ಕೊಡ್ಬೇಕಾಗಿಲ್ಲ.

ಆದ್ರೆ 108 ಸಾಮಾನ್ಯವಾಗಿ ಹತ್ರದ ಸರ್ಕಾರಿ ಆಸ್ಪತ್ರೆಗೇ ಬಿಡೋದು, ನೀವು ಗುಬ್ಬೀಲಿ ನಿಂತ್ಕೊಂಡು ಸೀದಾ ಬೆಂಗ್ಳೂರು ಜಯದೇವ ಹಾರ್ಟ್ ಆಸ್ಪತ್ರೆಗೆ ನಡೀರಿ ಅಂದ್ರೆ ಆಗಲ್ಲ. ಅಲ್ಲಿ ಪ್ರೈವೇಟ್ ಬೇಕು. ಬೇಕಾದ ಕಡೆ ಹೋಗ್ತಾರೆ, ರೇಟ್ ಮಾತ್ರ ಬಾಯಿಗೆ ಬಂದಷ್ಟು, ಹತ್ತೋ ಮುಂಚೆ ಕೇಳ್ಕೊಳ್ಳಿ.

ಇನ್ನೊಂದು, ಒಳಗೆ ಏನಿದೆ ನೋಡಿ. ನಮ್ಮ ಮಾವನ್ನ ಕರ್ಕೊಂಡು ಹೋದ ಪ್ರೈವೇಟ್ ಓಮ್ನಿ ವ್ಯಾನಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು, ಹಗ್ಗದಲ್ಲಿ ಕಟ್ಟಿದ್ರು, ಮೀಟರ್ ಮುಳ್ಳು ಸೊನ್ನೆ ಮೇಲೆ ಕೂತಿತ್ತು! ಕ್ಯಾತ್ಸಂದ್ರ ದಾಟಿದ್ಮೇಲೆ ಗೊತ್ತಾಯ್ತು ನಮ್ಗೆ. ಉಸಿರಿನ ತೊಂದ್ರೆ, ಹಾರ್ಟ್ ಕೇಸ್ ಆದ್ರೆ ವೆಂಟಿಲೇಟರ್, ಶಾಕ್ ಕೊಡೋ ಮಷಿನ್ ಇರೋ ಎಎಲ್‌ಎಸ್ (ಅಡ್ವಾನ್ಸ್ಡ್ ಲೈಫ್ ಸಪೋರ್ಟ್) ಗಾಡೀನೇ ಬೇಕು ಅಂತ ಬಾಯ್ಬಿಟ್ಟು ಕೇಳಿ, ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ಗಾಡೀಲಿ ಸಾಮಾನ್ಯವಾಗಿ ವೆಂಟಿಲೇಟರ್ ಇರಲ್ಲ.

ಆಕ್ಸಿಡೆಂಟ್, ಎದೆನೋವು, ಹೆರಿಗೆ ಆದ್ರೆ ನಾನಂತೂ ಮೊದ್ಲು 108ಕ್ಕೇ ಫೋನ್ ಮಾಡೋದು, ಒಂದ್ಸಲ ಜಿಲ್ಲಾಸ್ಪತ್ರೇಲಿ ಸ್ವಲ್ಪ ಸುಧಾರಿಸಿದ್ಮೇಲೆ ಡಾಕ್ಟ್ರು ಬೆಂಗ್ಳೂರಿಗೆ ಕರ್ಕೊಂಡು ಹೋಗಿ ಅಂತ ಬರ್ಕೊಟ್ರೆ ಆಗ ಎಎಲ್‌ಎಸ್ ಹುಡುಕ್ತೀನಿ. ಹಸು ಎಮ್ಮೆಗಾದ್ರೆ 1962, ಅದು ಬೇರೆ ಗಾಡಿ.